ಲೆಕ್ಕವನ್ನು ನಮಗೆ ಅರ್ಥವಾಗುವ ಭಾಷೆಯಲ್ಲಿ ಓದಿ: ಕಾಸರಗೋಡಿನ ಶಾಸಕರಿಗೊಂದು ಪತ್ರ

ಮಂಜೇಶ್ವರ ಮತ್ತು ಕಾಸರಗೋಡು ಕ್ಷೇತ್ರಗಳ ಮಾನ್ಯ ಶಾಸಕರಿಗೆ ನಮಸ್ಕಾರ.

ಈ ಪತ್ರ ನಿಮಗಿಬ್ಬರಿಗೂ ಸೇರಿದ್ದು. ನಾನು ನಿಮ್ಮ ಕಡೆಯ ಒಬ್ಬ ಯುವ ಮತದಾರ. ಲಂಚದ ವಿರುದ್ಧ ಮಾತಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದನ್ನು ತಡೆಯಲು ಹಳ್ಳಿಯ ಜನರ ಕೈಯಲ್ಲಿ ಏನಿದೆ ಅನ್ನುವುದು ನನ್ನ ಪ್ರಶ್ನೆ.

2011ರಲ್ಲಿ ನಾನಿನ್ನೂ ಪ್ರೈಮರಿ ಶಾಲೆಯ ಹುಡುಗ. ಆ ಏಪ್ರಿಲ್‌ನಲ್ಲಿ ಅಣ್ಣಾ ಹಜಾರೆ ದೆಹಲಿಯ ಜಂತರ್ ಮಂತರ್‌ನಲ್ಲಿ ದೊಡ್ಡ ಹುದ್ದೆಯವರ ಭ್ರಷ್ಟಾಚಾರವನ್ನು ವಿಚಾರಿಸುವ ಲೋಕಪಾಲ ಬೇಕೆಂದು ಉಪವಾಸ ಕೂತರು. ಆಗಸ್ಟ್‌ನಲ್ಲಿ ರಾಮಲೀಲಾ ಮೈದಾನ ತುಂಬಿತು. ಆ ಚಳವಳಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಿಲ್ಲದಿದ್ದರೆ ಲೋಕಪಾಲ ಕಾನೂನೇ ಬರುತ್ತಿರಲಿಲ್ಲ. ಆದರೆ ಮುಂದೆ ಏನಾಯಿತು ನೋಡಿ. ಕಾನೂನು ಜಾರಿಗೆ ಬಂದದ್ದು 2014ರ ಜನವರಿಯಲ್ಲಿ. ಮೊದಲ ಲೋಕಪಾಲರ ನೇಮಕವಾದದ್ದು 2019ರ ಮಾರ್ಚ್‌ನಲ್ಲಿ. ಐದು ವರ್ಷ ಆ ಕುರ್ಚಿ ಖಾಲಿ ಇತ್ತು. ಜನ ಮನೆಗೆ ಹೋದ ಮೇಲೆ ಕೆಲಸ ಮುಂದುವರಿಸಬೇಕಾದವರು ನೀವು, ಅಂದರೆ ನಾವು ಆರಿಸಿದವರು.

ಆ ಚಳವಳಿಯಿಂದ ಇನ್ನೊಂದು ಮಾತೂ ಊರೂರಿಗೆ ಹಬ್ಬಿತು: ರಾಜಕಾರಣಿಗಳೆಲ್ಲ ಕಳ್ಳರು. ಇದನ್ನು ನಾನು ಒಪ್ಪುವುದಿಲ್ಲ. ಎಲ್ಲರೂ ಕಳ್ಳರೇ ಆದರೆ ಒಳ್ಳೆಯವನಿಗೆ ವೋಟು ಹಾಕಿ ಏನು ಪ್ರಯೋಜನ? ಗ್ರಾಮಸಭೆಗೆ ಹೋಗಿ ಏನು ಪ್ರಯೋಜನ? ಹೀಗೆ ಯೋಚಿಸಿ ಮನೆಯಲ್ಲೇ ಕೂರುವ ಗೆಳೆಯರು ನನಗೆ ತುಂಬಾ ಮಂದಿ ಇದ್ದಾರೆ. ಅವರು ಮನೆಯಲ್ಲಿ ಕೂತಷ್ಟೂ ಕಳ್ಳನಿಗೆ ಅನುಕೂಲ ಜಾಸ್ತಿ, ಅಲ್ವಾ?

ಅದೇ 2011ರ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಗಾಗಿಯೂ ಒಂದು ಉಪವಾಸ ನಡೆದಿತ್ತು. ಇಲ್ಲಿನ ಗೇರು ತೋಟಗಳಿಗೆ ಸಿಂಪಡಿಸಿ ಜನರ ಆರೋಗ್ಯ ಕೆಡಿಸಿದ ಎಂಡೋಸಲ್ಫಾನ್ ಕೀಟನಾಶಕವನ್ನು ನಿಷೇಧಿಸಿ ಎಂದು ಆಗಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ 25ನೇ ತಾರೀಕು ತಿರುವನಂತಪುರದಲ್ಲಿ ಕೂತಿದ್ದರು. ನಿಷೇಧವೇನೋ ಬಂತು. ಪರಿಹಾರದ ಕಥೆ ಬೇರೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಮತ್ತೆ ವಿಚಾರಿಸಿದಾಗ 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ ಮಾತ್ರ. ನಡುವೆ 2019ರಲ್ಲಿ ಇಲ್ಲಿನ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸೆಕ್ರೆಟೇರಿಯಟ್ ಎದುರು ಕೂರಬೇಕಾಯಿತು. ಇಲ್ಲಿ ಯಾರೂ ಲಂಚ ಕೇಳದೇ ಇರಬಹುದು. ಆದರೂ ಕೇಳಿದವರಿಗೆ ಉತ್ತರ ಕೊಡದ ಆಡಳಿತವನ್ನು ನಾನು ಪ್ರಾಮಾಣಿಕ ಅಂತ ಕರೆಯಲಾರೆ.

ನನಗೆ ದೆಹಲಿಯ ಮೈದಾನಕ್ಕಿಂತ ಹತ್ತಿರ ಅನಿಸುವುದು ರಾಜಸ್ಥಾನದ ಹಳ್ಳಿಗಳು. 1990ರ ದಶಕದಲ್ಲಿ ಅಲ್ಲಿನ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಪಂಚಾಯತಿನ ಹಾಜರಿ ಪಟ್ಟಿ, ಬಿಲ್ಲುಗಳನ್ನು ತಂದು ಜನರ ಮುಂದೆ ಗಟ್ಟಿಯಾಗಿ ಓದಿದರು. ಸತ್ತವರ ಹೆಸರಿನಲ್ಲೂ ಕೂಲಿ ಹೋಗಿತ್ತು. ಕಟ್ಟದೇ ಇದ್ದ ಕೆಲಸಕ್ಕೆ ಬಿಲ್ಲಾಗಿತ್ತು. ಓದುಬರಹ ಬಾರದ ಹೆಂಗಸರು ಅಲ್ಲೇ ಎದ್ದು ಇದು ಸುಳ್ಳು ಅಂದರು. 2005ರ ಮಾಹಿತಿ ಹಕ್ಕು ಕಾನೂನಿನ ಬೇರು ಅಲ್ಲಿದೆ. ಅವರು ಸುಳ್ಳನ್ನು ಹಿಡಿಯಲು ಆದದ್ದು ಲೆಕ್ಕ ಅವರಿಗೆ ಅರ್ಥವಾಗುವ ಮಾತಿನಲ್ಲಿ ಕಿವಿಗೆ ಬಿದ್ದದ್ದರಿಂದ.

ಈಗ ನಮ್ಮೂರಿಗೆ ಬರೋಣ. ನಮ್ಮ ನೆರೆಮನೆಯ ದೊಡ್ಡಮ್ಮ ಮನೆಗಾಗಿ ಅರ್ಜಿ ಹಾಕಿದ್ದರು. ಕನ್ನಡ ಶಾಲೆಯಲ್ಲಿ ಕಲಿತವರು. ಕನ್ನಡ ಪೇಪರ್ ಪೂರ್ತಿ ಓದುತ್ತಾರೆ. ಒಂದು ಕಚೇರಿಯಿಂದ ಅವರಿಗೆ ಕಾಗದ ಬಂತು, ಮಲಯಾಳದಲ್ಲಿ. ಪೇಟೆಯಲ್ಲಿ ಅರ್ಜಿ ಬರೆದುಕೊಡುವ ಒಬ್ಬನಿಗೆ ತೋರಿಸಿದರು. "ಆಫೀಸಿನಲ್ಲಿ ಸ್ವಲ್ಪ ಕೊಡಬೇಕಾಗುತ್ತದೆ" ಎಂದು ಅವನು ಹಣ ತೆಗೆದುಕೊಂಡ. ಆಮೇಲೆ ಆ ಕಾಗದವನ್ನು ನಾನು ಓದಿಸಿದೆ. ಅದರಲ್ಲಿದ್ದದ್ದು ಇಷ್ಟೇ: ಒಂದು ದಾಖಲೆಯ ಪ್ರತಿ ಕಡಿಮೆ ಇದೆ, ತಂದುಕೊಡಿ. ಆ ಹಣ ಕಚೇರಿ ತಲುಪಿತು ಎಂದು ನಾನು ಹೇಳುವುದಿಲ್ಲ. ಬಹುಶಃ ಅಲ್ಲಿ ಯಾರೂ ಕೇಳಿಯೂ ಇಲ್ಲ. ಆದರೆ ದೊಡ್ಡಮ್ಮ ಇವತ್ತಿಗೂ ಕಚೇರಿಯವರು ಲಂಚ ತಿಂದರು ಎಂದೇ ನಂಬಿದ್ದಾರೆ. ಬಡವರ ದುಡ್ಡು ಹೋಯಿತು, ನಿಯತ್ತಿನ ನೌಕರನ ಹೆಸರೂ ಕೆಟ್ಟಿತು. ನಮ್ಮ ಕಡೆ ಭ್ರಷ್ಟಾಚಾರಕ್ಕೆ ಇಂಥ ಒಂದು ಬಾಗಿಲಿದೆ. ದೆಹಲಿಯ ಯಾವ ಲೋಕಪಾಲರೂ ಬಂದು ಇದನ್ನು ಮುಚ್ಚಲಾರರು.

ನೀವು ಮುಚ್ಚಬಹುದು. ಕಾನೂನು ಆಗಲೇ ಇದೆ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರ್ಕಾರಿ ಕಚೇರಿಗಳಿಗೆ ನಾವು ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕು. ಮಲಯಾಳದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಅರ್ಧ ಗೆಳೆಯರು ಮಲಯಾಳದವರು. ಗ್ರಾಮಸಭೆಯಲ್ಲಿ ಮಾತು ತುಳು, ಕನ್ನಡ, ಮಲಯಾಳ, ಬ್ಯಾರಿ ಎಲ್ಲ ಬೆರೆತು ಚೆನ್ನಾಗಿಯೇ ನಡೆಯುತ್ತದೆ. ಆದರೆ ಕೊನೆಗೆ ಸಹಿ ಹಾಕುವ ಕಾಗದ ನಮ್ಮಲ್ಲಿ ಎಷ್ಟೋ ಮಂದಿಗೆ ಓದಲು ಬರುವುದಿಲ್ಲ. ಓದಲಾಗದ ಪಟ್ಟಿಗೆ ಸಹಿ ಹಾಕಿದವರು ನಾಳೆ ಯಾರನ್ನು ಪ್ರಶ್ನಿಸಬೇಕು?

ಕೇರಳದ ಕಾನೂನಿನಂತೆ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿ ಫಲಾನುಭವಿಗಳ ಪಟ್ಟಿ, ಖರ್ಚಿನ ಲೆಕ್ಕ, ಕಾಮಗಾರಿಯ ಅಂದಾಜು ಕನ್ನಡದಲ್ಲೂ ಬರಲಿ, ಗಟ್ಟಿಯಾಗಿ ಓದಲಿ. ಇದಕ್ಕಾಗಿ ನಿಮ್ಮ ಕ್ಷೇತ್ರದ ಪಂಚಾಯತುಗಳ ಅಧ್ಯಕ್ಷರನ್ನು ಕರೆದು ಮಾತಾಡಿ. ಕನ್ನಡ ಬಲ್ಲ ನೌಕರರಿಲ್ಲದ ಕಚೇರಿಗಳ ಪಟ್ಟಿಯನ್ನು ಸರ್ಕಾರದಿಂದ ವಿಧಾನಸಭೆಯಲ್ಲೇ ಕೇಳಿ. 2021ರಲ್ಲಿ ಮಂಜೇಶ್ವರದಿಂದ ಗೆದ್ದವರು ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣ ಮಾಡಿದಾಗ ನಮಗೆ ಖುಷಿಯಾಗಿತ್ತು. ಈ ಪ್ರಶ್ನೆಯನ್ನೂ ಕನ್ನಡದಲ್ಲೇ ಕೇಳಬಹುದು.

ಇನ್ನೊಂದು ವಿಷಯ ನಿಮಗೇ ಸಂಬಂಧಿಸಿದ್ದು. 2021ರ ಏಪ್ರಿಲ್‌ನಲ್ಲಿ ತಮ್ಮ ವಿರುದ್ಧ ಕೇರಳ ಲೋಕಾಯುಕ್ತದ ತೀರ್ಪು ಬಂದ ಕೆಲವೇ ದಿನಗಳಲ್ಲಿ ಸಚಿವ ಕೆ.ಟಿ. ಜಲೀಲ್ ರಾಜೀನಾಮೆ ಕೊಟ್ಟರು. ಹುದ್ದೆಯಲ್ಲಿ ಮುಂದುವರಿಯಬಾರದು ಎಂದು ಲೋಕಾಯುಕ್ತ ಹೇಳಿದರೆ ಅದನ್ನು ಒಪ್ಪಲೇಬೇಕು ಎಂಬ ನಿಯಮ ಆಗ ಇತ್ತು. 2022ರಲ್ಲಿ ವಿಧಾನಸಭೆ ಅದನ್ನು ತಿದ್ದಿತು. ರಾಷ್ಟ್ರಪತಿಗಳ ಒಪ್ಪಿಗೆ 2024ರಲ್ಲಿ ಸಿಕ್ಕಿತು. ಈಗ ಸಚಿವರ ವಿಷಯದಲ್ಲಿ ತೀರ್ಮಾನ ಮುಖ್ಯಮಂತ್ರಿಯದ್ದು, ಶಾಸಕರ ವಿಷಯದಲ್ಲಿ ಸ್ಪೀಕರ್ ಅವರದ್ದು. ತಮ್ಮವರ ತಪ್ಪನ್ನು ತಾವೇ ತೂಗುವ ಈ ಏರ್ಪಾಡು ನನಗೆ ಸರಿ ಕಾಣುವುದಿಲ್ಲ. ಹಳೆಯ ನಿಯಮವನ್ನು ವಾಪಸ್ ತರಲು ನೀವಿಬ್ಬರೂ ಒತ್ತಾಯಿಸುತ್ತೀರಾ? ಪಕ್ಷ ಏನು ಹೇಳುತ್ತದೆ ಅಂತ ಅಲ್ಲ, ನೀವು ಏನು ಹೇಳುತ್ತೀರಿ ಅಂತ ನಮಗೆ ತಿಳಿಯಬೇಕು.

ನಾವು ಕೆಲವು ಹುಡುಗ ಹುಡುಗಿಯರು ಸೇರಿ ನಮ್ಮ ವಾರ್ಡಿನ ಲೆಕ್ಕಗಳನ್ನು ಕನ್ನಡದಲ್ಲಿ ಕೇಳಿ ಅರ್ಜಿ ಬರೆಯುತ್ತಿದ್ದೇವೆ. ಅದರ ಒಂದೊಂದು ಪ್ರತಿಯನ್ನು ನಿಮ್ಮ ಕಚೇರಿಗಳಿಗೂ ತಂದುಕೊಡುತ್ತೇವೆ.

ಇಂತಿ,
ಗಡಿನಾಡಿನ ಒಬ್ಬ ಯುವ ಮತದಾರ