ಹೊಸಬರು ಮೊದಲು ಓದಲಿ

ಈ ತಿಂಗಳಿಂದ ನಮ್ಮ ಕೂಟದ ವಚನ ಅಧ್ಯಯನಕ್ಕೆ ಹೊಸಬರು ಸೇರುತ್ತಿದ್ದಾರೆ. ಎಲ್ಲರಿಗೂ ಮನಸಾರೆ ಸ್ವಾಗತ. ಕೆಲವರು ಫೋನ್ ಮಾಡಿ, "ನಮಗೆ ಹಳೆಯ ಕನ್ನಡ ಅಷ್ಟಾಗಿ ತಿಳಿಯಲ್ಲ, ಸುಮ್ನೆ ಹಿಂದೆ ಕೂತು ಕೇಳಬಹುದಾ?" ಎಂದಿದ್ದಾರೆ. ಖಂಡಿತ ಬನ್ನಿ. ಆದರೆ ಹಿಂದೆ ಕೂರಬೇಡಿ.

ರಜೆಗೆ ಊರಿಗೆ ಬಂದವನು ಇದನ್ನು ವಿಜಯಪುರದಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿ ಅಕ್ಕನ ಮನೆಯ ಓಣಿಯಲ್ಲಿ ಸಂಜೆ ಜಮಖಾನೆ ಹಾಸಿ ಒಂದಷ್ಟು ಜನ ವಚನ ಓದುತ್ತಾರೆ. ಮೊನ್ನೆ ಬಸವಣ್ಣನವರ 'ಏನಿ ಬಂದಿರಿ' ವಚನವಿತ್ತು. ಬಂದವರನ್ನು ಆರಾಮಿದ್ದೀರಾ ಅಂದರೆ ನಿಮ್ಮ ಸಿರಿ ಹಾರಿಹೋಗುತ್ತದೆಯೇ, ಕೂತುಕೊಳ್ಳಿ ಅಂದರೆ ನೆಲ ಕುಳಿ ಬೀಳುತ್ತದೆಯೇ ಎಂದು ಅದು ಕೇಳುತ್ತದೆ. ಅಷ್ಟೂ ಗುಣವಿಲ್ಲದವರನ್ನು ಕೂಡಲಸಂಗಮದೇವ ಕೆಡವಿ ಮೂಗು ಕೊಯ್ಯದೆ ಬಿಡುವನೇ ಎಂದು ಮುಗಿಯುತ್ತದೆ.

ಮೊದಲ ಸಲ ಬಂದಿದ್ದ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು: "ದಯಾ ದಯಾ ಅನ್ನಾವ್ರು ಮೂಗ ಕೊಯ್ಯೂದು ಯಾಕ ಅಂದಾರ್ರಿ?"

ಓದಿಸುತ್ತಿದ್ದವರು ನಿವೃತ್ತ ಮಾಸ್ತರರು. ಉತ್ತರ ಗೊತ್ತಿದ್ದೂ ಹೇಳಲಿಲ್ಲ. "ನಿನಗೇನ ಅನಸ್ತದವ್ವಾ?" ಎಂದರು. ಹುಡುಗಿ ಪುಸ್ತಕವನ್ನು ಇನ್ನೊಮ್ಮೆ ನೋಡಿದಳು. "ಬಾಗಲಕ್ಕ ಬಂದಾವ್ರಿಗೆ ನೀರ ಕೊಡದ ಕಳಿಸಿದ್ರ ನಮ್ಮಜ್ಜಿನೂ ಹಿಂಗ ಬೈತಿದ್ಲ್ರಿ." ಎಷ್ಟೋ ಸಲ ಈ ವಚನ ಓದಿದ್ದ ಹಿರಿಯರು ತಲೆದೂಗಿದರು. ಆ ಸಾಲಿನಲ್ಲಿ ಮನೆಯ ಹಿರಿಯರ ಸಿಟ್ಟಿದೆ ಎಂದು ನನಗೂ ಅವತ್ತೇ ಹೊಳೆದದ್ದು.

ಮಾಸ್ತರರು ತಾವೇ ಉತ್ತರ ಹೇಳಿದ್ದರೆ ಈ ಮಾತು ಹೊರಗೆ ಬರುತ್ತಿತ್ತಾ? ನಮ್ಮಲ್ಲಿ ಹಳಬರು ಜಾಸ್ತಿ ಮಾತಾಡುತ್ತೇವೆ. ಹೊಸಬರು ತಲೆಯಾಡಿಸಿ ಮನೆಗೆ ಹೋಗುತ್ತಾರೆ, ಮುಂದಿನ ಸಲ ಬರುವುದಿಲ್ಲ. ವಚನದ ಪರಂಪರೆ ಹಾಗಿಲ್ಲ. ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಗಂಡ ಮಾರಯ್ಯ ಒಂದು ದಿನ ಅಕ್ಕಿ ಹೆಚ್ಚಿಗೆ ಆಯ್ದು ತಂದಾಗ ಇದು ನಮಗೆ ಬೇಡ, ತಂದಲ್ಲೇ ಸುರಿದು ಬಾ ಎಂದವಳು ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ. ಆಕೆ ಯಾವ ಶಾಸ್ತ್ರ ಓದಿದ್ದಾಳೆ ಎಂದು ಯಾರೂ ಕೇಳಲಿಲ್ಲ.

ಈ ವಚನಗಳನ್ನು ನಮ್ಮ ಕೈಗಿಟ್ಟ ಫ.ಗು. ಹಳಕಟ್ಟಿಯವರೂ ವೃತ್ತಿಯಿಂದ ವಿಜಯಪುರದ ವಕೀಲರು. ಊರೂರು ಅಲೆದು, ಮನೆಮನೆಯಲ್ಲಿದ್ದ ತಾಳೆಗರಿಗಳನ್ನು ಹುಡುಕಿ ಓದಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು. ಮುಂದಿನ ಪುಸ್ತಕಗಳಿಗಾಗಿ ಇದ್ದ ಮನೆಯನ್ನೇ ಮಾರಿ ಮುದ್ರಣಾಲಯ ಹಾಕಿದರು. ಅದೇ ಊರಿನ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿಯಲ್ಲಿ ನಮ್ಮನ್ನು ಅಗಲಿದರು. ಉಪನಿಷತ್ತು, ಯೋಗಸೂತ್ರ, ಅಲ್ಲಮನ ವಚನ, ಯಾವುದೇ ಇರಲಿ, ಹೊಲಕ್ಕೆ ಹೊರಟವರಿಗೂ ತಿಳಿಯುವ ಕನ್ನಡದಲ್ಲಿ ಹೇಳುತ್ತಿದ್ದರು. ಪಾಂಡಿತ್ಯ ಬೇಕೆಂದು ಅವರು ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ನಾವು ನಿಲ್ಲಿಸಬಹುದಾ?

ಹಾಗಾಗಿ ನಮ್ಮ ಗುಂಪಿನಲ್ಲಿ ಇನ್ನು ಮೇಲೆ ಹೊಸಬರೇ ಮೊದಲು ಓದುತ್ತಾರೆ. ಮೊದಲ ಪ್ರಶ್ನೆಯೂ ಅವರದೇ. ಅವರು ಮುಗಿಸುವ ತನಕ ಹಳಬರು ಅರ್ಥ ಹೇಳುವಂತಿಲ್ಲ. ಲಿಂಗ ಕಟ್ಟಿದವರು, ಕಟ್ಟದವರು, ಬೇರೆ ಧರ್ಮದವರು, ದೇವರನ್ನೇ ನಂಬದವರು, ಎಲ್ಲರೂ ಬನ್ನಿ. ಕನ್ನಡ ಮಾತಾಡಲು ಬಂದರೂ ಓದಲು ಬಾರದ ಮಕ್ಕಳಿಗೆ ಪಕ್ಕದಲ್ಲಿ ಒಬ್ಬರು ಕೂತು ಓದಿ ಹೇಳುತ್ತಾರೆ.

ಮುಂದಿನ ಸಲ ಅಲ್ಲಮನ ಬೆಡಗಿನ ವಚನಗಳಿವೆ, ಅಂದರೆ ಒಗಟಿನಂತೆ ಅರ್ಥ ಮುಚ್ಚಿಟ್ಟ ವಚನಗಳು. ಅವು ನಮಗೂ ಪೂರ್ತಿ ದಕ್ಕಿಲ್ಲ. ಕಾರಿಲ್ಲದವರು ಮೊದಲೇ ತಿಳಿಸಿ, ನಮ್ಮಲ್ಲೊಬ್ಬರು ಬಂದು ಕರೆದುಕೊಂಡು ಹೋಗುತ್ತಾರೆ.