ಬಿಳಿ ನಾಲ್ಕರಲ್ಲಿ ಒಂದು ಪ್ರಾರ್ಥನೆ

ಮಿಲಾನ್

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು.

ನಾನು ಆರಾಮಿದ್ದೇನೆ. ನಾ ಕಳಿಸಿದ ‘ಕಾಸ್ತಾ ದೀವಾ’, ಅಂದರೆ ಇಟಲಿಯ ಬೆಲ್ಲೀನಿ ಸ್ವರ ಹಾಕಿದ ‘ನಾರ್ಮಾ’ ಎಂಬ ಸಂಗೀತ ನಾಟಕದ ಪ್ರಾರ್ಥನೆ, ಕೇಳಿ ನೀವು ಫೋನಿನಲ್ಲಿ ಎರಡೇ ಪ್ರಶ್ನೆ ಹಾಕಿದಿರಿ: ಯಾವ ಪಟ್ಟಿ, ಯಾವ ಲಯ? ಫೋನಿನಲ್ಲಿ ಅವಸರದ ಉತ್ತರ ಕೊಡಲು ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ.

ಹಾಡಿನ ಪಟ್ಟಿ, ಅಂದರೆ ಷಡ್ಜ ನಿಲ್ಲುವ ಮನೆ, ಬಿಳಿ ನಾಲ್ಕು: ಹಾರ್ಮೋನಿಯಂ ಸಪ್ತಕದ ನಾಲ್ಕನೆಯ ಬಿಳಿ ಮನೆ. ಇಲ್ಲಿಯವರು ಎಫ್ ಮೇಜರ್ ಅನ್ನುತ್ತಾರೆ. ಸ್ವರಗಳು ಹೆಚ್ಚುಕಡಿಮೆ ನಮ್ಮ ಬಿಲಾವಲ್ ಥಾಟಿನವು, ಎಲ್ಲ ಶುದ್ಧ ಸ್ವರ. ಮಧ್ಯ ಸಪ್ತಕದ ಗಾಂಧಾರದ ಮೇಲೆ ನಿಂತು ಹಾಡು ಶುರುವಾಗುತ್ತದೆ, ಆ ಸ್ವರದ ಸುತ್ತಲೇ ಸುಳಿಯುತ್ತ ಮೆಲ್ಲಗೆ ಮೇಲೇರುತ್ತದೆ. ತುದಿಗೆ ತಾರ ಸಪ್ತಕದ ಗಾಂಧಾರವನ್ನೇ ಮತ್ತೆ ಮತ್ತೆ ಒತ್ತಿ, ಮಧ್ಯಮ ಮುಟ್ಟಿ ಇಳಿದುಬಿಡುತ್ತದೆ.

ಬೆಲ್ಲೀನಿ ತನ್ನ ಕೈಯಾರೆ ಬರೆದ ಪ್ರತಿಯಲ್ಲಿ ಮಾತ್ರ ಇದು ಬಿಳಿ ಐದರಲ್ಲಿ, ಅಂದರೆ ಜಿ ಮೇಜರಿನಲ್ಲಿದೆ. ‘ನಾರ್ಮಾ’ ಇದೇ ಊರಿನ ಲಾ ಸ್ಕಾಲಾ ರಂಗಮಂದಿರದಲ್ಲಿ 1831ರ ಡಿಸೆಂಬರ್ 26ರಂದು ಮೊದಲು ರಂಗಕ್ಕೆ ಬಂತು. ಅಂದು ಹಾಡಿದವಳು ಜ್ಯುದಿತ್ತಾ ಪಾಸ್ತಾ. ಅವಳ ಕಂಠಕ್ಕೆ ಒಗ್ಗಲೆಂದು ಒಂದು ಸ್ವರ ಇಳಿಸಿದರು ಎನ್ನುತ್ತಾರೆ. ಅಂದಿನಿಂದ ಬಹುತೇಕ ಎಲ್ಲರೂ ಬಿಳಿ ನಾಲ್ಕರಲ್ಲೇ ಹಾಡುತ್ತ ಬಂದಿದ್ದಾರೆ. 1964ರ ಧ್ವನಿಮುದ್ರಣದಲ್ಲಿ ಗಾಯಕಿ ಜೋನ್ ಸದರ್ಲ್ಯಾಂಡ್ ಮೂಲದ ಐದಕ್ಕೇ ಮರಳಿದರು.

ನಮ್ಮಲ್ಲಿ ಇದು ದೊಡ್ಡ ಮಾತಲ್ಲ. ಗಂಗೂಬಾಯಿಯವರಿಗೆ ಅವರ ಷಡ್ಜ, ಮನ್ಸೂರರಿಗೆ ಅವರದು. ತಂಬೂರಿ ಬಿರಡೆ ತಿರುವಿದರೆ ಆಯಿತು, ರಾಗ ರಾಗವಾಗಿಯೇ ಉಳಿಯುತ್ತದೆ. ಇಲ್ಲಿ ಪಟ್ಟಿ ಬದಲಾದರೆ ಇಡೀ ವಾದ್ಯವೃಂದದ ಹಾಳೆಗಳನ್ನು ಹೊಸದಾಗಿ ಬರೆಯಬೇಕು, ಜೊತೆಗೆ ನಾದದ ಬಣ್ಣವೂ ಬದಲಾಗುತ್ತದೆ. ಪಿಟೀಲಿನ ಬಿಡಿತಂತಿಗಳು ಜಿ, ಡಿ, ಎ, ಇ. ಐದರಲ್ಲಿ ನುಡಿಸಿದರೆ ಷಡ್ಜವೂ (ಜಿ) ಪಂಚಮವೂ (ಡಿ) ಬಿಡಿತಂತಿಯ ಮೇಲೇ ಬರುತ್ತವೆ, ನಾದ ಖಣ್ ಅನ್ನುತ್ತದೆ. ನಾಲ್ಕರಲ್ಲಿ ಪಿಟೀಲಿಗೆ ಆ ಎರಡೂ ಸ್ವರ ಬಿಡಿತಂತಿಯಲ್ಲಿ ಸಿಗುವುದಿಲ್ಲ. ಅವೆರಡೂ ಬೆರಳಡಿಯ ನಾದ, ಸ್ವಲ್ಪ ಮಬ್ಬು, ಸ್ವಲ್ಪ ಮೆತ್ತಗೆ. ಬೆಲ್ಲೀನಿ ಬರೆದದ್ದು ಐದು, ಅದು ನನಗೆ ಗೊತ್ತು. ಆದರೂ ಈ ಹಾಡು ಇರಬೇಕಾದ್ದು ನಾಲ್ಕರಲ್ಲೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಬೆಳದಿಂಗಳ ಹಾಡಿಗೆ ಅಷ್ಟು ಬೆಳಕು ಸಾಕು.

ಲಯದ ಮಾತು. ಹಾಳೆಯ ಮೇಲಿರುವುದು ‘ಆಂದಾಂತೆ ಸೊಸ್ತೆನೂತೊ’: ನಡೆಯುವ ಗತಿ, ಆದರೆ ಪ್ರತಿ ಸ್ವರವನ್ನೂ ತುಂಬಿ ಹಿಡಿಯಬೇಕು. ಮಾತ್ರೆ ಹನ್ನೆರಡು. ಕೇಳಿದ ಕೂಡಲೇ ನಿಮ್ಮ ಬೆರಳು ಹನ್ನೆರಡೇ ಮಾತ್ರೆಯ ಏಕತಾಲಕ್ಕೆ ಹೋಗಿರುತ್ತದೆ, ಆದರೆ ಅದಲ್ಲ. ಇಲ್ಲಿ ಮೂರು ಮೂರರ ನಾಲ್ಕು ತುಂಡು, ತಂತಿವಾದ್ಯಗಳು ಆ ಮೂರನ್ನು ತೊಟ್ಟಿಲ ಹಾಗೆ ತೂಗುತ್ತವೆ. ಮೊದಲು ಕೊಳಲು ಧಾಟಿಯನ್ನು ತೋರಿಸುತ್ತದೆ, ಆಮೇಲೆ ದನಿ. ಗಾಯಕಿ ಒಂದು ಸಾಲನ್ನು ಉಸಿರು ಕಡಿಯದೆ ಎಳೆಯುವಾಗ ಕೆಳಗಿನ ತೂಗು ನಿಲ್ಲುವಂತಿಲ್ಲ, ದನಿ ಮಾತ್ರ ಅದರ ಮೇಲೆ ತುಸು ಹಿಂದೆ ಮುಂದೆ ಸರಿದಾಡಬಹುದು. ನೀವು ವಿಲಂಬಿತ ಖ್ಯಾಲಿನಲ್ಲಿ ಮೆಚ್ಚುವುದು ಇದನ್ನೇ ಅಲ್ಲವೆ? ಬೆಲ್ಲೀನಿಯ ಧಾಟಿಗಳು ಉದ್ದ, ಉದ್ದ, ಉದ್ದ ಎಂದು ಇಟಲಿಯ ಇನ್ನೊಬ್ಬ ಸಂಗೀತಕಾರ ವೆರ್ದಿ ಮುದುಕನಾಗಿದ್ದಾಗ ಪತ್ರವೊಂದರಲ್ಲಿ ಬರೆದಿದ್ದಾನೆ.

ಭಾವವನ್ನು ನೀವು ಕೇಳಲಿಲ್ಲ, ಅದು ತಾನೇ ತಿಳಿಯುತ್ತದೆ ಅಂದುಕೊಂಡಿರಬೇಕು. ಕಥೆ ಗೊತ್ತಿಲ್ಲದಿದ್ದರೆ ಬರೀ ಶಾಂತ ಅನ್ನಿಸುತ್ತದೆ. ನಾರ್ಮಾ ಗಾಲ್ ನಾಡಿನ (ಇಂದಿನ ಫ್ರಾನ್ಸಿನ ಕಡೆಯ) ಪೂಜಾರಿಣಿ. ಜನ ರೋಮನ್ನರ ಮೇಲೆ ಯುದ್ಧಕ್ಕೆ ತುದಿಗಾಲಲ್ಲಿ ನಿಂತಿದ್ದಾರೆ. ಉರಿಯುವ ಎದೆಗಳನ್ನು ತಣಿಸು, ಆಕಾಶದ ಶಾಂತಿಯನ್ನು ಭೂಮಿಗೂ ಚೆಲ್ಲು ಎಂದು ಅವಳು ಚಂದ್ರದೇವತೆಯನ್ನು ಬೇಡುತ್ತಾಳೆ. ಆದರೆ ರೋಮನ್ ಅಧಿಕಾರಿಯಿಂದ ಅವಳಿಗೆ ಗುಟ್ಟಾಗಿ ಎರಡು ಮಕ್ಕಳಿವೆ. ಯುದ್ಧ ಬೇಡ ಎನ್ನುವಾಗ ಅವಳು ಕಾಯುತ್ತಿರುವುದು ನಾಡನ್ನೋ ಅವನನ್ನೋ? ಸುತ್ತಲಿನ ಜನ ಅದೇ ಸಾಲುಗಳನ್ನು ಮೆಲುದನಿಯಲ್ಲಿ ಹಾಡುತ್ತ ಅವಳನ್ನು ಪೂರ್ತಿ ನಂಬುತ್ತಾರೆ. ನನಗೆ ಕರುಳು ಹಿಂಡುವುದು ಅಲ್ಲಿ.

ನಾನು ಕಳಿಸಿದ್ದು ಮರಿಯಾ ಕಲ್ಲಾಸ್ 1960ರಲ್ಲಿ ಹಾಡಿದ್ದು, ವಾದ್ಯವೃಂದ ನಡೆಸಿದವರು ತುಲ್ಲಿಯೊ ಸೆರಾಫಿನ್. ಇದೇ ಇಬ್ಬರದು 1954ರದೂ ಇದೆ, ಅದರಲ್ಲಿ ಕಂಠ ಇನ್ನೂ ಗಟ್ಟಿ. 1960ರ ಹೊತ್ತಿಗೆ ಮೇಲಿನ ಸ್ವರಗಳಲ್ಲಿ ದನಿ ಅಲುಗುತ್ತದೆ. ಆ ಅಲುಗಾಟವೇ ನಾರ್ಮಾಳ ಗುಟ್ಟನ್ನು ಹೊರಗೆ ಹಾಕುತ್ತದೆ, ಅದಕ್ಕೇ ಅದನ್ನು ಆರಿಸಿದೆ.

ನಿಮ್ಮ ಗ್ರಾಮೊಫೋನಿನ ಗೀಳು ನೆನೆದು ಇನ್ನೊಂದು ಮಾತು. ಆ ಕಾಲದ ದೊಡ್ಡ ಗಾಯಕಿ ಅದೆಲೀನಾ ಪಾತ್ತಿ 1906ರಲ್ಲಿ, ಅರವತ್ತು ದಾಟಿದ ಮೇಲೆ, ವೇಲ್ಸಿನ ತನ್ನ ಕೋಟೆಮನೆಯಲ್ಲಿ ಇದನ್ನು ಪ್ಲೇಟಿಗೆ ಹಾಡಿದ್ದಾಳೆ. ಆಗಿನ ಪ್ಲೇಟುಗಳೆಲ್ಲ ಸರಿಯಾಗಿ ನಿಮಿಷಕ್ಕೆ 78 ಸುತ್ತಿನವಲ್ಲ. ಶೇಕಡಾ 6ರಷ್ಟು ಜೋರಾಗಿ ತಿರುಗಿದರೆ ಅರ್ಧ ಸ್ವರ ಏರುತ್ತದೆ, ಲಯವೂ ಅಷ್ಟೇ ಓಡುತ್ತದೆ. ಶೇಕಡಾ 12ರಷ್ಟಾದರೆ ನಾಲ್ಕು ಹೋಗಿ ಐದಾಗುತ್ತದೆ! ಬೇರೆ ಹಾಡಾದರೆ ಪಟ್ಟಿ ನೋಡಿ ವೇಗ ಸರಿಮಾಡಬಹುದು. ಈ ಹಾಡಿಗೆ ಎರಡೂ ಪಟ್ಟಿ ಸಲ್ಲುವುದರಿಂದ ದನಿಯ ಕಂಪನ, ಉಸಿರು, ಅಕ್ಷರಗಳ ಉಚ್ಚಾರ ಕೇಳಿಯೇ ನಿರ್ಧರಿಸಬೇಕು. ನಿಮ್ಮಂಥ ಕಿವಿಯವರ ಕೆಲಸ ಅದು. ಪಾತ್ತಿಯದನ್ನೂ ಕಳಿಸುತ್ತೇನೆ. ಹಾರ್ಮೋನಿಯಂ ಪಕ್ಕಕ್ಕಿಟ್ಟುಕೊಂಡು ಕೇಳಿ, ಎಲ್ಲಿ ನಿಲ್ಲುತ್ತದೆ ಹೇಳಿ.

ಅವ್ವನಿಗೆ ಕೊಳಲಿನ ಭಾಗ ಮೊದಲು ಕೇಳಿಸಿ, ಅವಳಿಗೆ ಅದು ಹಿಡಿಸುತ್ತದೆ. ಮಂಡಿನೋವಿನ ಗುಳಿಗೆ ತಪ್ಪಿಸಬಾರದೆಂದು ಹೇಳಿ.

ನಿಮ್ಮ ಮಗಳು