ಹವಳ ಇಡುವ ಮೊದಲು ಬಾಟಲಿ ಓದಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮನೆಯಲ್ಲಿಡುವ ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ಓದಿದೆ. ಚಿತ್ರಗಳು ಚೆಂದ ಇದ್ದವು. ಆದರೆ ಜೀವಂತ ಹವಳದ ತೊಟ್ಟಿಯೋ, ಬರೀ ಮೀನಿನದೋ ಅನ್ನುವುದು ಅಂದ ಮತ್ತು ದುಡ್ಡಿನ ಪ್ರಶ್ನೆ ಮಾತ್ರ ಎಂಬಂತೆ ಬರೆದಿದ್ದಾರೆ. ನಾನು ವಿಜ್ಞಾನದ ಮೇಷ್ಟ್ರಾಗಿದ್ದವನು. ಆದರೂ ನನಗೆ ಪಾಠ ಹೇಳಿದ್ದು ಒಂದು ಔಷಧಿ ಬಾಟಲಿ.

ನಿವೃತ್ತಿಯಾದ ಮೇಲೆ 200 ಲೀಟರ್‌ನ ತೊಟ್ಟಿ ತಂದೆ. ಒಂದೂವರೆ ತಿಂಗಳು ಮೀನೇ ಇಲ್ಲ. ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡುತ್ತಾ, ಅದರಿಂದ ಬರುವ ವಿಷದ ಅಮೋನಿಯಾವನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲಿ ಎಂದು ಕಾದೆ. "ಖಾಲಿ ನೀರಿಗೂ ಕರೆಂಟ್ ಬಿಲ್ಲಾ?" ಎಂದು ಮನೆಯವಳು ನಕ್ಕಳು. ಆಮೇಲೆ ಎರಡು ಕ್ಲೌನ್ ಮೀನು, ಎರಡು ಸಿಗಡಿ ಬಂದವು. ಮುಂದೆ ಹವಳ ಇಡುವ ಆಸೆಯೂ ಇತ್ತು.

ಮೂರನೇ ತಿಂಗಳಲ್ಲಿ ಮೀನುಗಳ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಾಣಿಸಿತು. ಅಂಗಡಿಯವರು ಕೊಟ್ಟ ಔಷಧಿ ಹಾಕಿದೆ. ಮೀನು ಬದುಕಿದವು. ಸಿಗಡಿಗಳು ಎರಡೂ ಮಾರನೇ ದಿನ ಸತ್ತಿದ್ದವು. ಆಗ ಕನ್ನಡಕ ಹಾಕಿಕೊಂಡು ಬಾಟಲಿ ಓದಿದೆ. ತಾಮ್ರ! ಚುಕ್ಕೆ ರೋಗದ ಪರೋಪಜೀವಿಯನ್ನು ಕೊಲ್ಲುವ ತಾಮ್ರ ಸಿಗಡಿಯನ್ನೂ ಬಿಡುವುದಿಲ್ಲ, ಹವಳವನ್ನೂ ಬಿಡುವುದಿಲ್ಲ. ತೊಟ್ಟಿಯೊಳಗಿನ ಸುಣ್ಣದ ಕಲ್ಲು, ಮರಳು ಅದನ್ನು ಹೀರಿಕೊಂಡು ಆಮೇಲೂ ಸ್ವಲ್ಪ ಸ್ವಲ್ಪ ಬಿಡಬಹುದು. ನನ್ನ ಹವಳದ ಆಸೆ ಅಲ್ಲಿಗೆ ಮುಗಿಯಿತು. ಹವಳ ಸಾಕುವವರು ಕಾಯಿಲೆ ಮೀನನ್ನು ಹಿಡಿದು ಬೇರೆ ತೊಟ್ಟಿಗೆ ಹಾಕಿಯೇ ಈ ಔಷಧಿ ಕೊಡಬೇಕು. ಕಲ್ಲಿನ ಸಂದಿಯಲ್ಲಿ ಅಡಗಿದ ಮೀನನ್ನು ಹಿಡಿಯುವುದಕ್ಕಿಂತ ಮೊಮ್ಮಗನನ್ನು ಸ್ನಾನಕ್ಕೆ ಹಿಡಿದು ತರುವುದೇ ಸುಲಭ.

ಇನ್ನು ನಮ್ಮ ದಾವಣಗೆರೆ ಬಿಸಿಲು. ಹವಳಕ್ಕೆ ನೀರು 25-26 ಡಿಗ್ರಿಯಲ್ಲಿದ್ದರೆ ಹಿತ. 30 ದಾಟಿ ಹಾಗೇ ನಿಂತರೆ ಬಿಳಿಚಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ನೀರು ತಂಪು ಮಾಡುವ ಯಂತ್ರ, ಚಿಲ್ಲರ್, ಇಲ್ಲದೆ ಆಗದ ಮಾತು. ನನ್ನ ಕ್ಲೌನ್ ಮೀನುಗಳು ಫ್ಯಾನ್ ಗಾಳಿಯಲ್ಲೇ ಎರಡು ಬೇಸಿಗೆ ಕಳೆದಿವೆ. ನೀರು ಜಾಸ್ತಿ ಆವಿಯಾಗುತ್ತದೆ, ಅಷ್ಟೇ. ಅದಕ್ಕೆ ಸಿಹಿನೀರನ್ನೇ ತುಂಬಬೇಕು, ಉಪ್ಪೇನು ಆವಿಯಾಗಿ ಹೋಗುವುದಿಲ್ಲವಲ್ಲ.

ಬರಹದಲ್ಲಿ ಬಿಟ್ಟುಹೋದ ದೊಡ್ಡ ವಿಷಯ ಕಾನೂನು. ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದಾರೆ. ಹುಲಿ ಇರುವ ಪಟ್ಟಿ ಅದು. ನಮ್ಮ ಕಡಲಿನಿಂದ ಅವನ್ನು ಕಿತ್ತು ತಂದು ಮಾರುವುದು ಅಪರಾಧ. "ಒರಿಜಿನಲ್ ಸಮುದ್ರದ್ದೇ ಸಾರ್" ಎಂದು ಒಬ್ಬರು ನನಗೂ ತೋರಿಸಿದ್ದರು. ಅದು ಹೆಮ್ಮೆಯಿಂದ ಹೇಳುವ ಮಾತಲ್ಲ ಎಂದು ಅವರಿಗೂ ಗೊತ್ತಿರಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ. ಹವಳ ನೋಡಲೇಬೇಕು ಎನ್ನುವವರಿಗೆ ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪ ಇದೆ. ಕ್ಲೌನ್ ಮೀನಾದರೆ ಮೀನುಮರಿ ಸಾಕುವ ಕೇಂದ್ರದಲ್ಲಿ ಬೆಳೆಸಿದ್ದೇ ಸಿಗುತ್ತದೆ, ಕೇಳಿ ತರಬೇಕು.

ಮುಂದಿನ ಸಲ ಇಂಥ ಬರಹ ಹಾಕುವಾಗ ಕಾನೂನಿನ ಎರಡು ಸಾಲು, ತಾಮ್ರದ ಒಂದು ಸಾಲು ಪುಟ್ಟ ಬಾಕ್ಸ್‌ನಲ್ಲಾದರೂ ಕೊಡಿ.

– ನಿವೃತ್ತ ಶಿಕ್ಷಕ, ದಾವಣಗೆರೆ